ಎಂಪಿಒ ಕೇಬಲ್ ಮುಟ್ಟುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಡೇಟಾ ಸೆಂಟರ್‌ನಲ್ಲಿ 40ಜಿ, 100ಜಿ ಎಸ್‌ಆರ್4 ಮಾಡ್ಯೂಲ್ ಹಾಕುವ, ತೆಗೆಯುವ ಎಲ್ಲರಿಗೂ ಈ ಸೂಚನೆ. ಮಾಡ್ಯೂಲ್ ಒಳಗೆ ನಾಲ್ಕು ವಿಕ್ಸೆಲ್ ಲೇಸರ್, ನಾಲ್ಕು ಫೋಟೊಡಯೋಡ್ ಸಾಲಾಗಿ ಕೂತಿವೆ. ಡೇಟಾ ನಾಲ್ಕು ಲೇನ್‌ಗಳಿಗೂ ಹಂಚಿಹೋಗುತ್ತದೆ. ಒಂದು ಕೆಟ್ಟರೂ ಇಡೀ ಲಿಂಕ್ ಬೀಳುತ್ತದೆ.

ಮಾಡಬೇಕಾದ್ದು

ಮೊದಲು ನೋಡಿ, ಆಮೇಲೆ ಒರೆಸಿ, ಮತ್ತೆ ನೋಡಿ, ಕೊನೆಗೆ ಜೋಡಿಸಿ. ಎಂಪಿಒ ಕನೆಕ್ಟರ್ ಮುಖದಲ್ಲಿ 12 ಫೈಬರ್ ಎಳೆಗಳು 0.25 ಮಿ.ಮೀ. ಅಂತರದಲ್ಲಿವೆ. ಬೆಳಕು ಹಾಯುವ ತಿರುಳು ಬರೀ 50 ಮೈಕ್ರಾನ್. ನಿಮ್ಮ ಬರಿಗಣ್ಣಿಗೆ ಶುಭ್ರವಾಗಿ ಕಂಡ ಮುಖದ ಮೇಲೂ ಫೈಬರ್ ಸ್ಕೋಪ್‌ನಲ್ಲಿ ಧೂಳು ಕಾಣಬಹುದು. ಒಂದು ಕಣ ಅಂಚಿನಲ್ಲಿ ಸಿಕ್ಕಿಕೊಂಡರೂ ಎರಡು ಮುಖಗಳ ನಡುವೆ ಸಂದು ಉಳಿದು ಪಕ್ಕದ ಎಳೆಗಳೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಎಂಪಿಒ ಕ್ಲೀನರ್‌ನಿಂದ ಕೇಬಲ್ ತುದಿಯನ್ನಷ್ಟೇ ಅಲ್ಲ, ಮಾಡ್ಯೂಲಿನ ಬಾಯನ್ನೂ ಒರೆಸಿ. ಹೆಚ್ಚಿನವರು ಮರೆಯುವುದು ಇದನ್ನೇ.

ಮಾಡ್ಯೂಲ್ ಒಳಗೆ ಪಿನ್ ಇದೆ, ಹಾಗಾಗಿ ಪಿನ್ ಇಲ್ಲದ ಕೇಬಲನ್ನೇ ಹಾಕಿ. ಮಾಡ್ಯೂಲಿನಿಂದ ಮಾಡ್ಯೂಲಿಗೆ ನೇರ ಕೇಬಲ್ ಎಳೆಯುವುದಾದರೆ ಟೈಪ್ ಬಿ. 100ಜಿ ಎಸ್‌ಆರ್4ಗೆ ಒಎಂ3 ಕೇಬಲ್ 70 ಮೀಟರ್, ಒಎಂ4 100 ಮೀಟರ್. ಅದಕ್ಕಿಂತ ಉದ್ದ ಬೇಡ. ಮಾಡ್ಯೂಲ್ ಮುಟ್ಟುವಾಗ ಅರ್ಥಿಂಗ್ ಮಾಡಿದ ರಿಸ್ಟ್ ಸ್ಟ್ರ್ಯಾಪ್ ಕಡ್ಡಾಯ. ಸ್ಥಿರವಿದ್ಯುತ್ ತಗುಲಿದ ವಿಕ್ಸೆಲ್ ಆ ದಿನ ಸರಿಯಾಗಿಯೇ ಉರಿದು, ವಾರಗಳ ನಂತರ ಸಾಯಬಹುದು. ಆಗ ಕಾರಣ ಹುಡುಕುವುದು ಬಹಳ ಕಷ್ಟ.

ಮಾಡಬಾರದ್ದು

ಉರಿಯುತ್ತಿರುವ ಪೋರ್ಟ್ ಅಥವಾ ಕೇಬಲ್ ತುದಿಯೊಳಗೆ ಇಣುಕಬೇಡಿ. 850 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ರೆಪ್ಪೆ ತಾನಾಗಿ ಮುಚ್ಚುವುದೂ ಇಲ್ಲ. ಕಣ್ಣಿಟ್ಟು ನೋಡುವ ಸ್ಕೋಪ್ ಆ ಬೆಳಕನ್ನು ಇನ್ನಷ್ಟು ಒಟ್ಟುಗೂಡಿಸುತ್ತದೆ. ಪರದೆ ಇರುವ ಸ್ಕೋಪ್ ಬಳಸಿ, ಅದಕ್ಕೂ ಮುಂಚೆ ಆ ಕಡೆಯ ಮಾಡ್ಯೂಲ್ ಆಫ್ ಆಗಿದೆಯೇ ಎಂದು ನೋಡಿ.

ಅಂಗಿಯ ತುದಿಯಿಂದ ಒರೆಸಬೇಡಿ, ಬಾಯಿಂದ ಊದಬೇಡಿ. ಉಗುಳಿನ ಹನಿ ಒಣಗಿ ಕಲೆಯಾಗುತ್ತದೆ.

8 ಡಿಗ್ರಿ ಓರೆಮುಖದ ಎಪಿಸಿ ಕೇಬಲನ್ನು ಈ ಚಪ್ಪಟೆ ಮುಖದ ಮಾಡ್ಯೂಲಿಗೆ ತುರುಕಬೇಡಿ. ಕೇಬಲ್ ಹಿಡಿದು ಎಳೆಯಕೂಡದು. ಕನೆಕ್ಟರ್‌ನ ಹೊರಕವಚ ಹಿಡಿದು ಎಳೆಯಿರಿ. ಖಾಲಿ ಪೋರ್ಟ್, ಬಿಚ್ಚಿದ ತುದಿ, ಯಾವುದನ್ನೂ ಕ್ಯಾಪ್ ಇಲ್ಲದೆ ಬಿಡಬೇಡಿ. ಕ್ಯಾಪ್ ಕೂಡ ಧೂಳು ಹೊತ್ತಿರಬಹುದು: ತೆಗೆದ ಮೇಲೆ ಮತ್ತೆ ಸ್ಕೋಪ್‌ನಲ್ಲಿ ನೋಡಿಯೇ ಜೋಡಿಸಿ.