ಅಂಗಸಾಧನೆಯೂ ದೇಹದ ಮಾತೂ

ದಿನವೆಲ್ಲಾ ಹೊಲದಲ್ಲಿ ದುಡಿಯುವವನಿಗೆ ಅಂಗಸಾಧನೆಯಾದರೂ ಯಾಕೆಂದು ನಮ್ಮ ಹಳ್ಳಿಗಳಲ್ಲಿ ಕೇಳುವವರುಂಟು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಆದರೆ ನಾಟಿಯ ಕಾಲದಲ್ಲಿ ಹೊತ್ತು ಮುಳುಗುವ ವರೆಗೆ ಬಗ್ಗಿಯೇ ಇರುವ ಸೊಂಟವು ದಣಿಯುತ್ತದಲ್ಲದೆ ಮೈಯೆಲ್ಲಾ ಒಂದೇ ಸಮನಾಗಿ ಬಲಗೊಳ್ಳುವದಿಲ್ಲ. ಮೇಲಾಗಿ ಉಳುವದಕ್ಕೆ ಟ್ರ್ಯಾಕ್ಟರೂ ಸಂತೆಗೆ ಹೋಗುವದಕ್ಕೆ ಬೈಕೂ ಬಂದ ಮೇಲೆ ಅನೇಕರಿಗೆ ನಡಿಗೆಯೇ ತಪ್ಪಿಹೋಗಿದೆ. ಆದಕಾರಣ ಅಂಗಸಾಧನೆ ಬೇಕು. ಎಷ್ಟು ಮಾಡತಕ್ಕದ್ದು, ಎಲ್ಲಿ ನಿಲ್ಲಿಸತಕ್ಕದ್ದು ಎಂಬದನ್ನು ದೇಹವೇ ತಿಳಿಸುತ್ತದೆ. ಕೇಳುವ ರೂಢಿಯೇ ನಮಗೆ ಕಡಿಮೆ.

ಪ್ರಾಯಸ್ಥರು ವಾರಕ್ಕೆ 150ರಿಂದ 300 ನಿಮಿಷಗಳ ವರೆಗೆ ಮಧ್ಯಮ ತರದ ಶ್ರಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿತು. ಆದರೆ ಮೊಮ್ಮಗನಿಗೆ ಮಧ್ಯಮವಾದದ್ದು ಅಜ್ಜನಿಗೆ ಅತಿಯಾದೀತು. ಸ್ವೀಡನ್ ದೇಶದ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ 1960ರ ದಶಕದಲ್ಲಿ ಒಂದು ಅಳತೆಯನ್ನು ಏರ್ಪಡಿಸಿದರು. ಶ್ರಮವೇ ಇಲ್ಲದ್ದಕ್ಕೆ 6, ಇನ್ನು ಕೂಡದೆಂಬದಕ್ಕೆ 20, ತುಸು ಕಷ್ಟವೆಂಬದಕ್ಕೆ 13. ತನಗೆ ಎಷ್ಟೆಂದು ಮಾಡುವವನೇ ಹೇಳಬೇಕು. ಸೋಜಿಗವೇನಂದರೆ, ಆರೋಗ್ಯವಂತನಾದ ಯೌವನಸ್ಥನು ಹೇಳಿದ ಅಂಕೆಯನ್ನು ಹತ್ತರಿಂದ ಗುಣಿಸಿದರೆ ಅವನ ನಾಡಿಯು ನಿಮಿಷಕ್ಕೆ ಹೊಡೆಯುವ ಎಣಿಕೆಗೆ ಅದು ಹತ್ತಿರ ಬರುತ್ತದೆ. ವಯಸ್ಸಾದವರಲ್ಲಿಯೂ ರಕ್ತದೊತ್ತಡದ ಕೆಲವು ಗುಳಿಗೆಗಳನ್ನು ಸೇವಿಸುವವರಲ್ಲಿಯೂ ನಾಡಿ ಅಷ್ಟು ಏರದಿರುವದರಿಂದ ಲೆಕ್ಕ ಕೂಡಿಬರದು. ಒಳಗಿನ ಅನಿಸಿಕೆ ಮಾತ್ರ ಆಗಲೂ ಉಪಯೋಗಕ್ಕೆ ಬರುತ್ತದೆ.

ಅಂಕೆ ಬೇಡವೆನ್ನುವವರು ಉಸಿರನ್ನೇ ಅಳತೆಯಾಗಿ ಇಟ್ಟುಕೊಳ್ಳಲಿ. ಬೇಗಬೇಗನೆ ನಡೆಯುವಾಗ ಜೊತೆಯವನ ಸಂಗಡ ಮಾತಾಡಲಿಕ್ಕಾಗಬೇಕು, ಆದರೆ ಕೀರ್ತನೆ ಹಾಡಲಿಕ್ಕಾಗಬಾರದು. ಸುಖವಾಗಿ ಹಾಡಬಹುದಾದರೆ ನಡಿಗೆ ಮೆಲ್ಲಗಾಯಿತು. ಎರಡು ಮಾತಿಗೇ ಏದುಸಿರು ಬಂದರೆ ಹೆಚ್ಚಾಯಿತು.

ನೋವುಗಳಲ್ಲಿಯೂ ಭೇದವಿದೆ. ಹೊಸದಾಗಿ ಬಸ್ಕಿ ಹೊಡೆದವನ ತೊಡೆಗಳು ಮರುದಿನವೋ ಅದರ ಮರುದಿನವೋ ಬಿಗಿದು ನೋಯುತ್ತವೆ. ಇದು ತಾನಾಗಿ ಇಳಿಯುವದು, ಭಯವಿಲ್ಲ. ಕೀಲಿನಲ್ಲಿ ಚುಚ್ಚಿದಂತಾದರೆ, ಬಾತುಕೊಂಡರೆ, ಕುಂಟುವಂತಾದರೆ ಆ ದಿನಕ್ಕೆ ನಿಲ್ಲಿಸತಕ್ಕದ್ದು. ಎದೆಯನ್ನು ಅದುಮಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ, ಕಣ್ಣು ಕತ್ತಲೆಗಟ್ಟಿದರೆ ಕ್ಷಣವೂ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು. ವಾಯುವೆಂದು ಸೋಡಾ ಕುಡಿದು ಮಲಗುವವರನ್ನು ಕಂಡಿದ್ದೇವೆ, ಮಲಗಿದವರೆಲ್ಲರೂ ಏಳಲಿಲ್ಲ. ಸ್ತ್ರೀಯರಲ್ಲಿ ಕೆಲವು ಸಾರಿ ಎದೆನೋವಿಲ್ಲದೆ ಉಬ್ಬಸವೂ ವಿಪರೀತ ಆಯಾಸವೂ ಮಾತ್ರ ತೋರುವದುಂಟು. ಕೂಲಿ ತಪ್ಪೀತೆಂದು ಅವರು ಬಾಯಿಬಿಡುವದಿಲ್ಲ, ಮನೆಯವರೇ ವಿಚಾರಿಸಬೇಕು.

ನಾವೂ ತಪ್ಪಿದ್ದೇವೆ. ಒಮ್ಮೆ ಜ್ವರ ಬಿಟ್ಟ ಮೂರನೆಯ ದಿನವೇ ಗುಡ್ಡ ಹತ್ತಿದೆವು. ಮೊಣಕಾಲು ನಡುಗಿದಾಗ ಮೈಗಳ್ಳತನವೆಂದು ಅದನ್ನು ಗದರಿಸಿದೆವು. ಮತ್ತೆ ಎಂಟು ದಿನ ಹಾಸಿಗೆ ಹಿಡಿಯಬೇಕಾಯಿತು. ಎರಡನೆಯ ಸಲ ಎದ್ದಾಗ ಬಾವಿಯ ವರೆಗೆ ಮಾತ್ರ ನಡೆದು, ಉಸಿರು ಹೇಗಿದೆಯೆಂದು ನಿಂತು ನೋಡಿ, ಹಿಂದಿರುಗಿದೆವು.