ಬೆಂಚಿನ ಮೇಲೆ ಕೂತ ಹುಡುಗನಿಗೆ ಏಳು ಸೂತ್ರ

ಟೆಕ್ಸಾಸಿನಲ್ಲಿರುವ ನಮ್ಮಕ್ಕನ ಮಗ ಹೈಸ್ಕೂಲ್ ಫುಟ್‌ಬಾಲ್ ತಂಡದಲ್ಲಿದ್ದಾನೆ. ಅಮೆರಿಕದ ಫುಟ್‌ಬಾಲು: ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು, ಮೊಟ್ಟೆಯಾಕಾರದ ಚೆಂಡು, ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಕೋಚ್ ಮಗನೇ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಅವನ ಗೆಳೆಯರೇ ಅಕ್ಕಪಕ್ಕ. ನಮ್ಮ ಹುಡುಗ ಶುಕ್ರವಾರ ರಾತ್ರಿ ಪಂದ್ಯಕ್ಕೆ ಸಮವಸ್ತ್ರ ಹಾಕಿಕೊಂಡು ಕೂತೇ ಇರುತ್ತಾನೆ. ಅವನಿಗೆ ಫೋನಿನಲ್ಲಿ ಹೇಳಿದ್ದಿಷ್ಟು.

1. ಯಾರಿಗೆ ಎಷ್ಟು ಆಟ ಸಿಕ್ಕಿತು ಅಂತ ಎರಡು ವಾರ ಲೆಕ್ಕ ಬರೆದಿಡು. ಅನ್ಯಾಯವೋ, ನಿನ್ನ ಆಟವೇ ಸಾಲದೋ, ಮೊದಲು ಗೊತ್ತಾಗಲಿ. ಪ್ರಾಕ್ಟೀಸಿನ ವಿಡಿಯೊ ನೋಡು. ಅದಕ್ಕೆ ಮಗ, ಅಳಿಯ ಎಂಬ ಭೇದವಿಲ್ಲ.

2. ಪ್ರಶ್ನೆ ಬದಲಿಸು. "ನನ್ನನ್ನು ಯಾಕೆ ಆಡಿಸಲ್ಲ?" ಅಂದರೆ ಜಗಳ. "ಈ ವಾರ ಯಾವುದನ್ನು ತಿದ್ದಿಕೊಳ್ಳಲಿ?" ಅಂದರೆ ಕೋಚ್ ಏನಾದರೂ ಹೇಳಲೇಬೇಕಾಗುತ್ತದೆ. ಸೋತ ರಾತ್ರಿ ಮಾತ್ರ ಕೇಳಬೇಡ. ಸೋತ ಕೋಚ್, ಹಸಿದ ಅಪ್ಪ, ಇಬ್ಬರೂ ಒಂದೇ.

3. ಯಾರಿಗೂ ಬೇಡದ ಕೆಲಸ ಹಿಡಿ. ಲಾಂಗ್ ಸ್ನ್ಯಾಪರ್ ಅಂತ ಒಬ್ಬನಿರುತ್ತಾನೆ. ಬಗ್ಗಿ, ಕಾಲ ಸಂದಿಯಿಂದ, ಸುಮಾರು 15 ಗಜ ಹಿಂದೆ ಚೆಂಡು ಒದೆಯಲು ನಿಂತ ಪಂಟರ್ ಕೈಗೆ ಚೆಂಡು ಎಸೆಯುವವನು. ಹೆಸರಿಲ್ಲ, ಫೋಟೊ ಇಲ್ಲ. ಒಂದು ಎಸೆತ ಕೈತಪ್ಪಿದರೆ ಪಂದ್ಯವೇ ಹೋದೀತು. ಅದಕ್ಕೇ ಚೆನ್ನಾಗಿ ಎಸೆಯುವವನನ್ನು ಎಂಥ ಪಕ್ಷಪಾತಿಗೂ ಕೂರಿಸುವ ಧೈರ್ಯ ಬರುವುದಿಲ್ಲ. ಕೋಚ್ ಮಗ ಈ ಕೆಲಸಕ್ಕೆ ಪೈಪೋಟಿಗೆ ಬರಲ್ಲ, ಚಿಂತೆ ಬೇಡ.

4. ಸ್ಕೌಟ್ ಟೀಮ್ ಶಿಕ್ಷೆಯಲ್ಲ. ಮುಂದಿನ ಎದುರಾಳಿಯ ವೇಷ ತೊಟ್ಟು ವಾರವಿಡೀ ನಮ್ಮವರ ಮೇಲೇ ಬೀಳುವ ಮೀಸಲು ಹುಡುಗರ ಗುಂಪು ಅದು. ಮಂಗಳವಾರ ನೀನು ಮೈಗಳ್ಳತನ ಮಾಡಿದರೆ ಶುಕ್ರವಾರ ಪೆಟ್ಟು ತಿನ್ನುವವನು ಕೋಚ್ ಅಲ್ಲ, ಪಕ್ಕದ ಲಾಕರಿನ ಹುಡುಗ. ಪಂದ್ಯದಲ್ಲೂ ಅಷ್ಟೇ, ಕ್ವಾರ್ಟರ್‌ಬ್ಯಾಕನ್ನು ಕಾಯುವ ಮುಂದಿನ ಸಾಲಿನ ಐವರನ್ನು ನೋಡು. ಚೆಂಡು ಹಿಂದಕ್ಕೆ ಕೊಡುವ ಸೆಂಟರ್ ಒಬ್ಬನನ್ನು ಬಿಟ್ಟರೆ ಉಳಿದ ನಾಲ್ವರು ಸೀಸನ್ ಪೂರ್ತಿ ಚೆಂಡು ಮುಟ್ಟದೇ ಇರಬಹುದು. ಒಬ್ಬ ಜಾರಿದರೂ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ. ಕೋಚ್ ಮಗ ತಾನೇ, ಬೀಳಲಿ ಅನ್ನಿಸುತ್ತದೆ. ಅನ್ನಿಸಲಿ. ಆದರೂ ಆ ಸಾಲಿನಲ್ಲಿ ನಿಂತಾಗ ತಡೆ.

5. ಪ್ಲೇಬುಕ್, ಅಂದರೆ ತಂಡದ ಆಟದ ಯೋಜನೆಗಳ ಪುಸ್ತಕ, ಬಾಯಿಪಾಠವಾಗಿರಲಿ. ಹೆಸರಾಂತ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 2000ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಆಯ್ಕೆಯಲ್ಲಿ 199ನೆಯವನು. ಮರುವರ್ಷ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್‌ಸೋ ಗಾಯಗೊಂಡಾಗ ಜಾಗ ಸಿಕ್ಕಿತು. ಮುಂದೆ ಏಳು ಸಲ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದ. ನೀನು ಬ್ರೇಡಿ ಆಗಲ್ಲ, ನನಗೂ ಗೊತ್ತು. ಆದರೆ ಕರೆ ಬಂದಾಗ ಹೆಲ್ಮೆಟ್ ಹುಡುಕುತ್ತಾ ನಿಲ್ಲಬೇಡ.

6. ತಲೆಗೆ ಪೆಟ್ಟು ಬಿದ್ದರೆ ಛಲ ಬೇಡ. 2006ರಲ್ಲಿ ವಾಷಿಂಗ್ಟನ್ ರಾಜ್ಯದ 13 ವರ್ಷದ ಹುಡುಗನೊಬ್ಬ ತಲೆಗೆ ಏಟಾದ ಮೇಲೂ ಅದೇ ಪಂದ್ಯಕ್ಕೆ ಮರಳಿ, ಮೆದುಳಿನ ರಕ್ತಸ್ರಾವದಿಂದ ಕುಸಿದ. 2009ರಲ್ಲಿ ಅಲ್ಲಿ ಅವನ ಹೆಸರಿನ ಲೈಸ್ಟೆಡ್ ಕಾನೂನು ಬಂತು: ಕನ್ಕಶನ್ (ಮೆದುಳಿಗೆ ಆಘಾತ) ಶಂಕೆ ಇದ್ದರೆ ಮೈದಾನ ಬಿಡಬೇಕು, ವೈದ್ಯಕೀಯ ಪರಿಣತರ ಲಿಖಿತ ಒಪ್ಪಿಗೆ ಇಲ್ಲದೆ ಮರಳುವಂತಿಲ್ಲ. ಈಗ 50 ರಾಜ್ಯಗಳಲ್ಲೂ ಇಂಥ ಕಾನೂನಿದೆ. "ಗಂಡಸಲ್ವೇನೋ, ಹೋಗು" ಎಂದು ಕೋಚ್ ಅಂದರೂ ಹೋಗಬೇಡ. ಸೀದಾ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್ ಹತ್ತಿರ ನಡೆ, ಮನೆಗೆ ಫೋನ್ ಮಾಡು. "ಮೇಷ್ಟ್ರು ಹೇಳಿದ್ದೇ ಸರಿ" ಅನ್ನುವ ನಮ್ಮ ಭಾವ ಕೂಡ ಇದಕ್ಕೆ ಎದ್ದು ಬರುತ್ತಾರೆ.

7. ಗುರುವಾರದ ಟೀಮ್ ಊಟ ತಪ್ಪಿಸಬೇಡ. ಹೋದ ಸಲ ಅಕ್ಕ ದೊಡ್ಡ ಪಾತ್ರೆ ತುಂಬ ಬಿಸಿಬೇಳೆಭಾತ್ ಕಳಿಸಿದ್ದಳು. ಮುಂದಿನ ಸಾಲಿನ ಹುಡುಗರು ತಳ ಕೆರೆದು ತಿಂದರಂತೆ. ಕೋಚ್ ಎರಡು ಸಲ ಬಡಿಸಿಕೊಂಡರಂತೆ. ಮರುದಿನ ಆಡಿಸಲಿಲ್ಲ.