ವೇಷದ ವಿದ್ಯೆ

ನಮ್ಮ ಕಡೆಯ ಮಾತಿನಲ್ಲಿ ‘ವೇಷ’ ಎಂಬ ಶಬ್ದಕ್ಕೆ ಮರ್ಯಾದೆ ಕಡಿಮೆ. ಕಪಟಿಯನ್ನು ಕಂಡರೆ ‘ಅವನು ವೇಷ ಹಾಕುತ್ತಾನೆ’ ಎನ್ನುವರು. ಸುಳ್ಳುಗಾರನು ‘ಬಣ್ಣ ಹಚ್ಚಿ ಮಾತಾಡುತ್ತಾನೆ’. ಅವನ ಮೋಸ ಹೊರಬಿದ್ದ ದಿವಸ ‘ಬಣ್ಣ ಬಯಲಾಯಿತು’ ಎಂದು ನಗುವರು. ಆದರೆ ಊರಲ್ಲಿ ದೊಡ್ಡಾಟವಿದೆಯೆಂದರೆ ಕಂಬಳಿ ಹೊದ್ದು ಬೆಳತನಕ ಕುಳಿತು ಅದೇ ಬಣ್ಣವನ್ನು, ಅದೇ ವೇಷವನ್ನು ಕಣ್ತುಂಬ ನೋಡುವವರೂ ಇವರೇ. ಜನರು ಇಷ್ಟು ಸಂಶಯದಿಂದಲೂ ಇಷ್ಟು ಪ್ರೀತಿಯಿಂದಲೂ ಕಾಣುವ ಈ ವೇಷವನ್ನು ಕಟ್ಟುವ ವಿದ್ಯೆ ಎಂಥದು, ಆಟದ ಅಟ್ಟದಿಂದ ಸಿನೆಮಾ ಮತ್ತು ದೂರದರ್ಶನದವರೆಗೆ ಅದು ಹೇಗೆ ನಡೆದು ಬಂದಿತು ಎಂಬುದನ್ನು ಈ ಚಿಕ್ಕ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇನೆ.

ಈ ವಿಚಾರವು ನನ್ನ ತಲೆಯಲ್ಲಿ ಹೊಕ್ಕದ್ದು ಗೊಟಗೋಡಿಯಲ್ಲಿ. ಸವಣೂರಿನಿಂದ ನಾವು ಕೆಲವರು ಗೆಳೆಯರು ಕೂಡಿ ಶಿಗ್ಗಾವಿ ತಾಲೂಕಿನ ಆ ಊರಿನ ಉತ್ಸವ ರಾಕ್ ಗಾರ್ಡನ್ ನೋಡಲು ಹೋಗಿದ್ದೆವು. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ಮೂಡಿದ ಆ ಉದ್ಯಾನದಲ್ಲಿ ಹಳ್ಳಿಯ ಬಾಳಿನ ಶಿಲ್ಪಗಳು ಜೀವ ಬಂದಂತೆ ನಿಂತಿವೆ. ಡಾ. ರಾಜಕುಮಾರ ಅವರು ಧರಿಸಿದ ಪಾತ್ರಗಳ ಶಿಲ್ಪಗಳೂ ಅಲ್ಲಿವೆ. ಅವನ್ನು ನೋಡುತ್ತ ನಿಂತಾಗ ನನಗೊಂದು ಪ್ರಶ್ನೆ ಹುಟ್ಟಿತು. ‘ಬೇಡರ ಕಣ್ಣಪ್ಪ’ದ (೧೯೫೪) ಬೇಡ, ‘ಬಂಗಾರದ ಮನುಷ್ಯ’ದ (೧೯೭೨) ಒಕ್ಕಲಿಗ, ‘ಮಯೂರ’ದ (೧೯೭೫) ಅರಸ, ಈ ಮೂವರೂ ಒಬ್ಬನೇ ನಟನ ಮುಖಗಳು. ನಟನ ಹೆಸರು ಎಲ್ಲರಿಗೂ ಗೊತ್ತು. ಶಿಲ್ಪಿಯ ಹೆಸರನ್ನೂ ಕೇಳಿ ತಿಳಿಯಬಹುದು. ಆದರೆ ಶಿಲ್ಪಿಗಿಂತ ಮೊದಲೇ ಆ ಮುಖಗಳನ್ನು ಜೀವಂತ ಚರ್ಮದ ಮೇಲೆ ತಿದ್ದಿದವರಾರು? ಆ ಉಡುಪುಗಳನ್ನು ಹೊಲಿದವರಾರು? ಅವರ ಹೆಸರು ನಮ್ಮಲ್ಲಿ ಒಬ್ಬನಿಗೂ ತಿಳಿದಿರಲಿಲ್ಲ.

ಮನೆಗೆ ಬಂದು ಅಜ್ಜನನ್ನು ಕೇಳಿದೆ. ನಮ್ಮ ಅಜ್ಜನು ಅಕ್ಷರ ಕಲಿತವನಲ್ಲ, ಆದರೆ ಹರೆಯದಲ್ಲಿ ಊರ ದೊಡ್ಡಾಟದ ಮೇಳಕ್ಕೆ ಬಣ್ಣ ಬರೆಯುತ್ತಿದ್ದನು. “ಯಜ್ಜಾ, ಬಣ್ಣಾ ಹಚ್ಚೂದು ಹೆಂಗ ಕಲತಿ?” ಎಂದೆ. ಅವನು ನಕ್ಕು, “ಹಚ್ಚೂದು ಏನ ದೊಡ್ಡದಲ್ಲೋ ತಮ್ಮಾ. ಯಾವ ಬೆಳಕಿನ್ಯಾಗ ನೋಡತಾರ, ಎಷ್ಟ ದೂರದಿಂದ ನೋಡತಾರ, ಎಷ್ಟ ಹೊತ್ತ ನಿಲ್ಲಬೇಕು, ಈ ಮೂರು ತಿಳದರ ಕೈ ತಾನ ಕಲೀತೈತಿ” ಎಂದನು. ಮುಂದೆ ಗ್ರಂಥಾಲಯದಲ್ಲಿ ನಾನು ಓದಿದ್ದೆಲ್ಲವೂ ಅಜ್ಜನ ಈ ಮೂರು ಮಾತುಗಳ ವಿಸ್ತಾರವೇ ಆಗಿ ಕಂಡಿತು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಶಾಸ್ತ್ರದ ಗೌರವವು ಬಹು ಹಿಂದೆಯೇ ದೊರಕಿದೆ. ಭರತಮುನಿಯ ನಾಟ್ಯಶಾಸ್ತ್ರವು ಅಭಿನಯವನ್ನು ನಾಲ್ಕು ಬಗೆಯೆಂದು ಹೇಳಿ, ವೇಷಭೂಷಣಗಳ ಕೆಲಸಕ್ಕೆ ‘ಆಹಾರ್ಯ’ವೆಂಬ ಸ್ವತಂತ್ರ ಸ್ಥಾನವನ್ನು ಕೊಟ್ಟಿದೆ. ಅದರಲ್ಲಿ ಮತ್ತೆ ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನಾಲ್ಕು ಭೇದಗಳು. ಬಿದಿರು, ಬಟ್ಟೆ, ತೊಗಲು ಮೊದಲಾದವುಗಳಿಂದ ಕೃತಕ ವಸ್ತುಗಳನ್ನು ಮಾಡುವದು ಪುಸ್ತ, ಹೂವು, ಒಡವೆ, ಉಡುಪುಗಳನ್ನು ತೊಡಿಸುವದು ಅಲಂಕಾರ, ಮೈ-ಮುಖಕ್ಕೆ ಬಣ್ಣ ಹಚ್ಚುವದು ಅಂಗರಚನೆ, ಪ್ರಾಣಿಗಳನ್ನು ರಂಗಕ್ಕೆ ತರುವದು ಸಂಜೀವ. ಬಿಳಿ, ಹಳದಿ, ನೀಲಿ, ಕೆಂಪು ಈ ನಾಲ್ಕು ಮೂಲ ಬಣ್ಣಗಳನ್ನು ಬೆರೆಸಿ ಉಳಿದವನ್ನು ಪಡೆಯಬೇಕೆಂದೂ ಅಲ್ಲಿ ಹೇಳಿದೆ. ಇಂದು ಚಲಚ್ಚಿತ್ರದಲ್ಲಿ ಬೇರೆ ಬೇರೆ ಕುಶಲರು ಹಂಚಿಕೊಂಡಿರುವ ಕೆಲಸಗಳ ಪಟ್ಟಿಯು ಸುಮಾರಾಗಿ ಇದೇ ಆಗಿದೆ.

ಇನ್ನು ಅಜ್ಜನ ಮೊದಲ ಎರಡು ಮಾತುಗಳಾದ ಬೆಳಕು ಮತ್ತು ದೂರ. ದೊಡ್ಡಾಟವು ಹಿಂದೆ ಪಂಜಿನ ಬೆಳಕಿನಲ್ಲಿ, ಆಮೇಲೆ ಗ್ಯಾಸಬತ್ತಿಯ ಬೆಳಕಿನಲ್ಲಿ ನಡೆಯುತ್ತಿತ್ತು. ಕಡೆಯ ಸಾಲಿನಲ್ಲಿ ಬಂಡಿಯ ಮೇಲೆ ಕುಳಿತವನಿಗೂ ಮುಖ ಕಾಣಬೇಕು. ಆದುದರಿಂದ ಹುಬ್ಬು ಕಿವಿಯವರೆಗೆ, ಮೀಸೆ ಗಲ್ಲದವರೆಗೆ. ಕಿರೀಟ, ಭುಜಕೀರ್ತಿ, ಎದೆಯ ಕಟ್ಟುಗಳನ್ನು ಹಗುರಾದ ಕಟ್ಟಿಗೆಯಲ್ಲಿ ಕೊರೆದು, ಬೇಗಡೆ ಅಂಟಿಸಿ, ಕನ್ನಡಿಯ ಚೂರು ಕೂಡಿಸುವದು ಬರಿಯ ಚೆಂದಕ್ಕಲ್ಲ. ಇದ್ದಷ್ಟೇ ಬೆಳಕನ್ನು ಹಿಡಿದು ಜನರ ಕಡೆಗೆ ಎರಚುವದಕ್ಕೆ. ಹಗಲಿನಲ್ಲಿ ಒರಟಾಗಿ ಕಾಣುವ ಆ ವೇಷ ರಾತ್ರಿಯಲ್ಲಿ ದೇವಲೋಕದ್ದಾಗುತ್ತದೆ.

ಕ್ಯಾಮೆರಾ ಬಂದ ಮೇಲೆ ಈ ಲೆಕ್ಕವೆಲ್ಲ ತಿರುಗಿ ಬಿತ್ತು. ಮೊದಮೊದಲಿನ ಫಿಲ್ಮಿಗೆ ಕೆಂಪು ಬಣ್ಣವನ್ನು ಗ್ರಹಿಸುವ ಶಕ್ತಿ ಇರಲಿಲ್ಲ. ಕೆಂಪು ತುಟಿ ತೆರೆಯ ಮೇಲೆ ಕರ್ರಗಾಗುತ್ತಿತ್ತು, ಕೆಂಪು ಛಾಯೆಯ ಗಲ್ಲ ಮಸಿ ಬಳಿದಂತೆ ಕಾಣುತ್ತಿತ್ತು. ಎಲ್ಲ ಬಣ್ಣಗಳನ್ನು ಗ್ರಹಿಸುವ ಫಿಲ್ಮು ಬಳಕೆಗೆ ಬಂದಾಗ ಅಮೇರಿಕೆಯ ಮ್ಯಾಕ್ಸ್ ಫ್ಯಾಕ್ಟರ್ ಎಂಬವನು ೧೯೨೮ರಲ್ಲಿ ಅದಕ್ಕೆ ತಕ್ಕ ಹೊಸ ಬಣ್ಣಗಳನ್ನು ಸಿದ್ಧಪಡಿಸಿದನು. ೧೯೩೪ರಲ್ಲಿ ಕೊಲ್ಲಾಪುರದಲ್ಲಿ ತಯಾರಾದ ‘ಸತಿ ಸುಲೋಚನ’ದಿಂದ ಕನ್ನಡದ ಮಾತಿನ ಚಿತ್ರಗಳು ಆರಂಭವಾದವು. ಅದರ ನಟರಲ್ಲಿ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥವರು ನಾಟಕರಂಗದಿಂದಲೇ ಬಂದವರು. ನಾಟಕದ ಬಣ್ಣವನ್ನು ಕ್ಯಾಮೆರಾಕ್ಕೆ ಹೊಂದಿಸುವ ಕೆಲಸವನ್ನು ನಮ್ಮವರು ಹೀಗೆ ಕಲಿಯುತ್ತ ಬಂದರು. ೧೯೬೪ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ಯು ಪೂರ್ಣ ವರ್ಣಚಿತ್ರವಾಗಿ ಬಂದಾಗ ಕಪ್ಪು-ಬಿಳುಪಿನ ಪಾಠವನ್ನು ಮತ್ತೆ ತಿದ್ದಬೇಕಾಯಿತು. ಇಂದಿನ ಸೂಕ್ಷ್ಮ ಕ್ಯಾಮೆರಾ ಚರ್ಮದ ರಂಧ್ರಗಳನ್ನೂ ತೋರಿಸುತ್ತದೆ. ನೋಡುವವನು ಈಗ ಬಂಡಿಯ ಮೇಲೆ ಇಲ್ಲ, ನಟನ ಮೂಗಿನ ಮುಂದೆಯೇ ಕುಳಿತಿದ್ದಾನೆ. ಆದುದರಿಂದ ಬಣ್ಣವು ದಪ್ಪನಾಗಿರಬಾರದು. ಸಣ್ಣ ಗಾಳಿಪಿಚಕಾರಿಯಿಂದ ಮಂಜಿನಂತೆ ಬಣ್ಣ ಸಿಂಪಡಿಸುವ ಪದ್ಧತಿಯು ಹೆಚ್ಚು ರೂಢಿಗೆ ಬಂದದ್ದು ಇದರಿಂದಲೇ.

ಬಣ್ಣದಿಂದ ನೆರಳು-ಬೆಳಕನ್ನು ತೋರಿಸಬಹುದು, ಆದರೆ ಮುಖದ ಆಕಾರವನ್ನೇ ಬದಲಿಸಬೇಕಾದರೆ? ಅದಕ್ಕೂ ನಮ್ಮಲ್ಲಿ ಹಳೆಯ ಉಪಾಯವಿದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸರ ‘ಬಣ್ಣದ ವೇಷ’ಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ‘ಚಿಟ್ಟಿ’ಯನ್ನು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ, ಒಂದರ ಮೇಲೊಂದು ಇಡುತ್ತ ಮುಳ್ಳಿನ ಸಾಲಿನಂತೆ ಬೆಳೆಸುವರು. ವೇಷ ಮುಗಿಯಲು ತಾಸುಗಟ್ಟಲೆ ಬೇಕು. ಬೆಳಗಾದರೆ ಎಲ್ಲವೂ ತೊಳೆದು ಹೋಗುವದು, ಮರುದಿವಸ ಮತ್ತೆ ಮೊದಲಿನಿಂದ. ೧೯೩೧ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧಕನು ಬೋರಿಸ್ ಕಾರ್ಲೋಫ್ ಎಂಬ ನಟನ ಹಣೆಯನ್ನು ಹತ್ತಿ ಮತ್ತು ಕೊಲೋಡಿಯನ್ ಎಂಬ ಅಂಟುದ್ರವದಿಂದ ಪದರ ಪದರವಾಗಿ ಕಟ್ಟುತ್ತಿದ್ದನು. ಅದೂ ದಿನಾಲು ಹೊಸದಾಗಿ, ದಿನಕ್ಕೆ ಸುಮಾರು ನಾಲ್ಕು ತಾಸು. ಚೌಕಿಯ ದೀಪದ ಮುಂದಿನ ವೇಷಧಾರಿಯೂ ಹಾಲಿವುಡ್ಡಿನ ಪಿಯರ್ಸನೂ ಒಂದೇ ದಾರಿಯಲ್ಲಿ ನಡೆದಿದ್ದರೆಂಬುದು ಸೋಜಿಗದ ಸಂಗತಿ.

ಈ ದಿನಾಲಿನ ಶ್ರಮವನ್ನು ತಪ್ಪಿಸಲು ಹುಟ್ಟಿದ್ದೇ ಅಚ್ಚಿನ ಪದ್ಧತಿ. ಅದರ ಕ್ರಮವು ಹೀಗಿದೆ. ಮೊದಲು ನಟನ ಕೂದಲು-ಹುಬ್ಬುಗಳನ್ನು ಕಾಯ್ದುಕೊಂಡು, ಮೂಗಿನ ಹೊಳ್ಳೆಗಳನ್ನು ತೆರೆದಿಟ್ಟು, ಮುಖಕ್ಕೆ ಆಲ್ಜಿನೇಟ್ ಹಚ್ಚುವರು. ಇದು ಕಡಲಪಾಚಿಯಿಂದ ತೆಗೆದ ಪುಡಿ. ಹಲ್ಲಿನ ಡಾಕ್ಟರರು ಹಲ್ಲಿನ ಅಚ್ಚು ತೆಗೆಯುವದೂ ಇದರಿಂದಲೇ. ಅದು ಗಟ್ಟಿಯಾಗುವಾಗ ಮೇಲೆ ಪ್ಲಾಸ್ಟರ್ ಪಟ್ಟಿಗಳನ್ನು ಹೊದಿಸುವರು. ಈ ಅಚ್ಚಿನಲ್ಲಿ ಪ್ಲಾಸ್ಟರ್ ಎರೆದರೆ ನಟನ ಮುಖದ ಪಡಿಯಚ್ಚು ದೊರೆಯುವದು. ಅದರ ಮೇಲೆ ಜೇಡಿಯಿಂದ ಬೇಕಾದ ಮೂಗನ್ನೋ ಮುಪ್ಪಿನ ಗೆರೆಗಳನ್ನೋ ತಿದ್ದಿ, ಅದಕ್ಕೆ ಮತ್ತೊಂದು ಅಚ್ಚು ತೆಗೆಯುವರು. ಆಮೇಲೆ ಜೇಡಿಯನ್ನು ತೆಗೆದು, ಎರಡು ಅಚ್ಚುಗಳ ನಡುವೆ ಉಳಿದ ತೆರವಿನಲ್ಲಿ ರಬ್ಬರಿನ ನೊರೆಯನ್ನೋ ಸಿಲಿಕೋನನ್ನೋ ತುಂಬುವರು. ಹೊರಬರುವ ತುಂಡಿನ ಅಂಚು ಈರುಳ್ಳಿಯ ಪೊರೆಯಷ್ಟು ತೆಳುವಾಗಿರಬೇಕು. ಅಂಚು ಕಂಡಿತೋ, ಇಡೀ ಕೆಲಸ ಕೆಟ್ಟಿತು. ೧೯೭೦ರ ‘ಲಿಟಲ್ ಬಿಗ್ ಮ್ಯಾನ್’ ಚಿತ್ರದಲ್ಲಿ ಡಿಕ್ ಸ್ಮಿತ್ ಎಂಬವನು ಒಂದೇ ಮುಖವಾಡದ ಬದಲು ಹಲವು ಚಿಕ್ಕ ತುಂಡುಗಳನ್ನು ಒಂದರ ಅಂಚಿಗೊಂದು ಹೊಂದಿಸಿ ಹಚ್ಚಿದನು. ನಟನು ನಕ್ಕರೆ ಮುಪ್ಪಿನ ಮುಖವೂ ನಕ್ಕಿತು.

ಕೂದಲಿನ ಕೆಲಸವೂ ಇಷ್ಟೇ ತಾಳ್ಮೆಯದು. ನಾಟಕ ಕಂಪನಿಯವರು ‘ಟೋಪನ್’ ಎನ್ನುವ ಕೃತಕ ಕೂದಲನ್ನು ಸಿನೆಮಾದಲ್ಲಿ ತೆಳುವಾದ ಜಾಳಿಗೆಯ ಮೇಲೆ ಸಣ್ಣ ಕೊಕ್ಕೆಯಿಂದ ಒಂದೊಂದೇ ಎಳೆ ಗಂಟು ಹಾಕಿ ಮಾಡುವರು. ಹಣೆಯ ಅಂಚಿನಲ್ಲಿ ಕೂದಲು ವಿರಳವಾಗಿದ್ದರೆ ಮಾತ್ರ ಕಣ್ಣು ನಂಬುತ್ತದೆ.

ಉಡುಪಿನ ಮಾತಿಗೆ ಬಂದರೆ, ಹೊಸ ಬಟ್ಟೆ ಹೊಲಿಯುವದಕ್ಕಿಂತ ಅದನ್ನು ಹಳೆಯದು ಮಾಡುವದೇ ಕಠಿಣ. ಚಹದ ನೀರಿನಲ್ಲಿ ಅದ್ದಿ, ಮರಳುಕಾಗದದಿಂದ ತಿಕ್ಕಿ, ಮೊಣಕೈ-ಮೊಣಕಾಲುಗಳಲ್ಲಿ ಸವೆಸಿ, ಕೊರಳಪಟ್ಟಿಗೆ ಜಿಡ್ಡು ಹಿಡಿಸುವರು. ರೈತನ ಅಂಗಿ ಹೆಗಲಿನಲ್ಲಿ ಸವೆಯುತ್ತದೆ, ಕಾರಕೂನನದು ಮೊಣಕೈಯಲ್ಲಿ. ಇದನ್ನು ತಿಳಿಯಲು ಪುಸ್ತಕ ಬೇಡ, ನಮ್ಮ ಸವಣೂರಿನ ಸಂತೆಯಲ್ಲಿ ಒಂದು ತಾಸು ನಿಂತರೆ ಸಾಕು. ಸಿನೆಮಾದ ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವದಿಲ್ಲವಾದ್ದರಿಂದ, ಇಂದು ಬಿದ್ದ ಕಲೆ ತಿಂಗಳ ನಂತರವೂ ಅದೇ ಸ್ಥಳದಲ್ಲಿರಬೇಕು. ಅದಕ್ಕಾಗಿ ಪ್ರತಿಯೊಂದು ವೇಷದ ಛಾಯಾಚಿತ್ರ ತೆಗೆದಿಡುವರು. ಹೊಡೆದಾಟದ ದೃಶ್ಯವಿದ್ದರೆ ಒಂದೇ ಅಂಗಿಯನ್ನು ನಾಲ್ಕಾರು ಪ್ರತಿಗಳಲ್ಲಿ ಹೊಲಿಸುವರು. ದೂರದರ್ಶನಕ್ಕೆ ಬಹಳ ಸಣ್ಣ ಗೆರೆಯ ಬಟ್ಟೆ ಆಗಿಬರುವದಿಲ್ಲ, ತೆರೆಯ ಮೇಲೆ ಗೆರೆಗಳು ಕುಣಿಯುತ್ತವೆ.

ಇಷ್ಟು ಹೇಳಿ ಮುಗಿಸಿದ್ದರೆ ಈ ವಿದ್ಯೆಯ ಒಂದು ಮುಖವನ್ನು ಮಾತ್ರ ಹೇಳಿದಂತಾಗುತ್ತಿತ್ತು. ಅಜ್ಜನು ಮೂರು ಮಾತು ಹೇಳಿ ಸುಮ್ಮನಾದಾಗ ನಾನು, “ಹಚ್ಚಿದ ಮ್ಯಾಲೆ ಮುಖಕ್ಕ ಏನೂ ಆಗತಿದ್ದಿಲ್ಲೇನು?” ಎಂದು ಕೇಳಿದೆ. ಅವನು ಗಲ್ಲ ಸವರಿಕೊಂಡು, “ಉರೀತಿತ್ತು. ಕೊಬ್ರಿ ಎಣ್ಣಿ ಹಚ್ಚಿ ಮಲಗತಿದ್ವಿ. ಒಬ್ಬೊಬ್ಬರಿಗೆ ಚರ್ಮಾ ಸುಲೀತಿತ್ತು. ಬಣ್ಣ ಅಂದ್ರ ಹಂಗ ಅಂತ ತಿಳಕೊಂಡಿದ್ವಿ” ಎಂದನು. ಹಳೆಯ ಬಣ್ಣಗಳ ಗುಣವನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಹಳದಿಗೆ ಬಳಸುತ್ತಿದ್ದ ಅರದಾಳವು ಶಂಖಪಾಷಾಣದ ಗಂಧಕ ಸಂಯುಕ್ತ. ಕೆಂಪಿನ ಇಂಗಳೀಕವು ಪಾದರಸದ ಸಂಯುಕ್ತ. ನಾಟಕದವರ ಮುರ್ದಾಸಿಂಗಿ ಸೀಸದ್ದು. ಇವೆಲ್ಲ ವಿಷಗಳು. ಮುಂದುವರಿದ ದೇಶದಲ್ಲಿಯೂ ಈ ಅವಿವೇಕ ನಡೆದಿದೆ. ೧೯೩೯ರ ‘ದಿ ವಿಝರ್ಡ್ ಆಫ್ ಓಝ್’ ಚಿತ್ರದಲ್ಲಿ ತಗಡಿನ ಮನುಷ್ಯನ ಪಾತ್ರಕ್ಕೆ ಬಡಿ ಎಬ್ಸನ್ ಎಂಬ ನಟನ ಮುಖಕ್ಕೆ ಅಲ್ಯೂಮಿನಿಯಂ ಪುಡಿಯನ್ನು ಬಳಿದರು. ಅದು ಉಸಿರಿನೊಂದಿಗೆ ಒಳಗೆ ಹೋಗಿ ಅವನು ಆಸ್ಪತ್ರೆ ಸೇರಿದನು. ಪಾತ್ರವು ಬೇರೊಬ್ಬನ ಪಾಲಾಯಿತು. ಅವನಿಗೆ ಮಾತ್ರ ಪುಡಿಯ ಬದಲು ಲೇಪವನ್ನು ಹಚ್ಚಿದರು.

ಇಂದಿನ ಒಳ್ಳೆಯ ಪ್ರಸಾಧಕನ ಮೊದಲ ಪಾಠವೇ ಬೇರೆ. ಹೊಸ ಅಂಟು ಅಥವಾ ರಬ್ಬರನ್ನು ನಟನ ಮೊಣಕೈಯ ಒಳಭಾಗದಲ್ಲಿ ಹಿಂದಿನ ದಿವಸವೇ ತುಸು ಹಚ್ಚಿ ನೋಡಬೇಕು. ತುರಿಸಿದರೆ ಬಿಡಬೇಕು. ಅಂಟಿಸಿದ್ದನ್ನು ಕಿತ್ತು ತೆಗೆಯದೆ ಕರಗಿಸಿ ತೆಗೆಯಬೇಕು. ಕುಂಚಗಳನ್ನು ಒಬ್ಬರಿಂದೊಬ್ಬರಿಗೆ ತೊಳೆಯದೆ ಬಳಸಬಾರದು. ಬಣ್ಣವು ನೋಡುವವರ ಸಲುವಾಗಿ ಇರುತ್ತದೆ, ಅದರ ಕೆಳಗಿನ ಚರ್ಮ ಮಾತ್ರ ನಟನದು, ಆಟ ಮುಗಿದ ಮೇಲೆ ಅವನು ಅದೇ ಮುಖದಿಂದ ಮನೆಗೆ ಹೋಗಬೇಕು. ಅಜ್ಜನ ಮೂರು ಮಾತುಗಳಿಗೆ ನಾನು ಸೇರಿಸಬಯಸುವ ನಾಲ್ಕನೆಯ ಮಾತು ಇದೇ.

ಈ ವಿದ್ಯೆಯಲ್ಲಿ ನಮ್ಮವರ ಸಾಧನೆ ಸಣ್ಣದಲ್ಲ. ‘ಸತಿ ಸುಲೋಚನ’ ತಯಾರಾದ ಅದೇ ಕೊಲ್ಲಾಪುರದಲ್ಲಿ ಜನಿಸಿದ ಭಾನು ಅಥೈಯಾ ಅವರು ‘ಗಾಂಧಿ’ ಚಿತ್ರದ ಉಡುಪುಗಳಿಗಾಗಿ ೧೯೮೩ರಲ್ಲಿ ಆಸ್ಕರ್ ಪಡೆದ ಮೊದಲ ಭಾರತೀಯರಾದರು. ‘ತಾಯಿಸಾಹೇಬ’ದ ಉಡುಪುಗಳಿಗೆ ವೈಶಾಲಿ ಕಾಸರವಳ್ಳಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಪ್ರಸಾಧನಕ್ಕಾಗಿ ೨೦೧೪ನೆಯ ಸಾಲಿನ ರಾಷ್ಟ್ರಪ್ರಶಸ್ತಿಯು ‘ನಾನು ಅವನಲ್ಲ... ಅವಳು’ ಚಿತ್ರದ ರಾಜು ಮತ್ತು ನಾಗರಾಜ್ ಅವರಿಗೂ, ೨೦೧೬ನೆಯ ಸಾಲಿನದು ‘ಅಲ್ಲಮ’ ಚಿತ್ರದ ಎನ್. ಕೆ. ರಾಮಕೃಷ್ಣ ಅವರಿಗೂ ದೊರಕಿತು. ಗೊಟಗೋಡಿಯಲ್ಲಿ ನಮಗೆ ಗೊತ್ತಿರದ ಹೆಸರುಗಳು ಇಂಥವೇ. ಗಿರೀಶ ಕಾಸರವಳ್ಳಿಯವರ ‘ಕೂರ್ಮಾವತಾರ’ದಲ್ಲಿ (೨೦೧೧) ಒಬ್ಬ ಸರಕಾರಿ ಕಾರಕೂನನಿಗೆ ದೂರದರ್ಶನದ ಧಾರಾವಾಹಿಗಾಗಿ ಗಾಂಧೀಜಿಯ ವೇಷ ಹಾಕಿಸುತ್ತಾರೆ. ಆ ವೇಷವು ಅವನ ಬಾಳನ್ನೇ ಹಿಡಿದು ಅಲುಗಿಸುತ್ತದೆ. ವೇಷವೆಂದರೆ ಸುಳ್ಳು ಎನ್ನುವವರು ಆ ಚಿತ್ರವನ್ನು ಒಮ್ಮೆ ನೋಡಬೇಕು.

ನಮ್ಮ ಹಾವೇರಿ ಜಿಲ್ಲೆಯಲ್ಲಿ ಈ ವಿದ್ಯೆಗೆ ಬೇಕಾದ ಕೈಗಳು ಇವೆ. ದರ್ಜಿಗಳಿದ್ದಾರೆ, ಬಡಿಗರಿದ್ದಾರೆ, ಮಣ್ಣಿನ ಗಣಪತಿ ಮಾಡುವವರಿದ್ದಾರೆ, ದೊಡ್ಡಾಟದ ಕಿರೀಟ ಕಟ್ಟಿದ ಮುದುಕರು ಅಲ್ಲಲ್ಲಿ ಉಳಿದಿದ್ದಾರೆ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಆ ಮುದುಕರನ್ನು ಒಂದು ದಿವಸ ನಮ್ಮ ಕಾಲೇಜಿಗೆ ಕರೆಯಿಸಿ, ರಸಾಯನಶಾಸ್ತ್ರ ಬಲ್ಲವರನ್ನು ಅವರ ಪಕ್ಕದಲ್ಲಿ ಕೂಡ್ರಿಸಿ, ಹಳೆಯ ಕೈಚಳಕವನ್ನೂ ಹೊಸ ಎಚ್ಚರವನ್ನೂ ಒಟ್ಟಿಗೆ ಕಲಿಯುವ ಶಿಬಿರವನ್ನೇಕೆ ಮಾಡಬಾರದು? ನಮ್ಮ ಸ್ನೇಹ ಸಮ್ಮೇಳನದ ನಾಟಕಕ್ಕಾದರೂ ಅದು ಉಪಯೋಗವಾದೀತು.

ಈ ಲೇಖನವನ್ನು ಬರೆದ ಮೇಲೆ ಅಜ್ಜನಿಗೆ ಓದಿ ತೋರಿಸಿದೆ. ಅವನು ಎಲ್ಲವನ್ನೂ ಕೇಳಿ, ಕಾರ್ಲೋಫನ ಹಣೆಯ ವಿಷಯವನ್ನು ಮಾತ್ರ ಎರಡನೆಯ ಸಲ ಓದಿಸಿದನು. ಆಮೇಲೆ, “ಹತ್ತಿ ಹಸೀ ಇದ್ದಾಗ ಬಣ್ಣಾ ಹಚ್ಚತಿದ್ನೋ, ಒಣಗಿದ ಮ್ಯಾಲೋ?” ಎಂದು ಕೇಳಿದನು. ಪದವಿಗೆ ಓದುತ್ತಿರುವ ನನಗೆ ಇಂಥ ಪ್ರಶ್ನೆ ಹೊಳೆದೇ ಇರಲಿಲ್ಲ.